ಒರೆಸಿದ ಹೆಸರು

ಜೂನ್ 4, ಬುಧವಾರ

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ತಂದು ಐದು ದಿನವಾಯಿತು. ಬಲಗೈ, ಬಲಗಾಲು ಎರಡೂ ಇದ್ದೂ ಇಲ್ಲದ ಹಾಗೆ. ಮಾತು ಹೋಗಿಲ್ಲ ಎಂದು ಡಾಕ್ಟರು ಹೇಳುತ್ತಾರೆ, ನಮಗಂತೂ ಒಂದು ಶಬ್ದವೂ ಕೇಳಿಲ್ಲ. ಕಣ್ಣು ತೆರೆದುಕೊಂಡು ಗೋಡೆ ನೋಡುತ್ತಾಳೆ. ಚಮಚ ತುಟಿಗೆ ತಾಕಿದರೆ ಹಲ್ಲು ಕಚ್ಚಿ ಹಿಡಿಯುತ್ತಾಳೆ. ಸದ್ಯ ಗ್ಲೂಕೋಸ್ ಬಾಟಲಿಯೇ ಆಧಾರ, ತಿಂಗಳ ಕೊನೆಯವರೆಗೂ ಹೀಗೇ ಇದ್ದರೆ ಮೂಗಿನಿಂದ ಕೊಳವೆ ಹಾಕಬೇಕಂತೆ. ಕೊಳವೆ ಹಾಕಿದ ಮೇಲೆ ಇಂಥವರು ಹೆಚ್ಚು ದಿನ ಉಳಿಯುವುದಿಲ್ಲವಂತೆ.

ವ್ಯಾಯಾಮ ಮಾಡಿಸಲು ದಿನ ಬಿಟ್ಟು ದಿನ ನರ್ಸಕ್ಕ ಬರುತ್ತಾಳೆ. ಅವಳು ನಮ್ಮ ಧರ್ಮದವಳಲ್ಲ, ಅಮ್ಮನ ತವರಿನವರ ಧರ್ಮದವಳೂ ಅಲ್ಲ, ಮೂರನೆಯದು. ಸುಮ್ಮನೆ ಅಮ್ಮಾ ಅಮ್ಮಾ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ, ಮಿದುಳಿಗೆ ಪೆಟ್ಟಾದವರಲ್ಲಿ ಎಲ್ಲ ಹೋದರೂ ಹೆಸರೊಂದು ಉಳಿದಿರುತ್ತದೆ ಎಂದು ಇವತ್ತು ಹೇಳಿದಳು. ಅಪ್ಪ ಹೆಸರು ಹಿಡಿದು ಕರೆದರು. ಅಮ್ಮ ರೆಪ್ಪೆ ಬಡಿಯಲಿಲ್ಲ. ಅತ್ತೆ, ಎಂದರೆ ಅಪ್ಪನ ಅಕ್ಕ, ಕಿವಿಯ ಹತ್ತಿರ ಬಾಗಿ ಕರೆದಳು. ಅತ್ತೆಯ ಗಂಟಲಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ಏನಾಯಿತು ಎಂದು ಕೇಳಿದರು, ಅಮ್ಮ ಅಲ್ಲಾಡಲಿಲ್ಲ.

"ಇದು ಮದುವೆ ಆದ್ಮೇಲಿನ ಹೆಸರಾ? ಚಿಕ್ಕವರಿದ್ದಾಗ ಏನಂತ ಕರೀತಿದ್ರು?" ಎಂದಳು ನರ್ಸಕ್ಕ.

ಅಪ್ಪ ಎದ್ದು ಅಂಗಡಿಗೆ ಹೋದರು.

"ಆ ಹೆಸರು ನಮ್ಮ ಮನೇಲಿ ಇಲ್ಲಮ್ಮ" ಎಂದಳು ಅತ್ತೆ, ಸಕ್ಕರೆ ಮುಗಿದಿದೆ ಎನ್ನುವ ಹಾಗೆ.

ಇದನ್ನು ಬರೆಯುತ್ತಿರುವ ಪುಸ್ತಕ ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವ ಹೊಲಿಗೆ ಕೋಣೆಯದು. ಎಷ್ಟು ಹಾಸು ಹರಿದು ಬಂತು, ಎಷ್ಟು ಹೊಲಿದು ಹೋಯಿತು ಎಂದು ಬರೆಯುವ ರಿಜಿಸ್ಟರು. ಅರ್ಧ ತುಂಬುವಷ್ಟರಲ್ಲಿ ಕಂಪ್ಯೂಟರ್ ಬಂತು, ಉಳಿದ ಹಾಳೆ ನನ್ನ ಪಾಲಾಯಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆಯುತ್ತಾಳೆಂದು ಗೊತ್ತಾದರೆ ಅತ್ತೆಗೆ ಒಂದು ವಾರಕ್ಕೆ ಆಗುವಷ್ಟು ನಗು.

ಜೂನ್ 9, ಸೋಮವಾರ

ಅಪ್ಪನಿಗೆ ಊಟ ಕೊಡಲು ಗಾಜಿನಂಗಡಿಗೆ ಹೋಗಿದ್ದೆ. ಅವರ ಎದುರು ಒಂದು ವಾಕ್ಯ ಪೂರ್ತಿ ಮಾಡಲು ನನಗೆ ಬರುವುದಿಲ್ಲ. "ಅಮ್ಮನ ಹಳೇ ಹೆಸರು..." ಎಂದು ಅಷ್ಟಕ್ಕೇ ನಿಲ್ಲಿಸಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಮೇಜಿನ ಮೇಲೆ ಗಾಜಿಟ್ಟು, ಅಳತೆಪಟ್ಟಿ ಒತ್ತಿ ಹಿಡಿದು ಕೊಯ್ಯುವ ಕಡ್ಡಿಯಿಂದ ಗೀಟು ಎಳೆದರು. ಗೀಟೆಳೆದ ಕೂಡಲೇ ಮುರಿಯಬೇಕು, ನಾಳೆ ಮುರಿಯೋಣ ಎಂದು ಬಿಟ್ಟರೆ ಗೀಟು ತಣ್ಣಗಾಗಿ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ ಎಂದರು. ಮದುವೆಯ ದಿನವೂ ಹಾಗೇ ಮಾಡಿದರಂತೆ. ನಮ್ಮ ಧರ್ಮಕ್ಕೆ ಬರುವವರ ಹಳೆಯ ಹೆಸರನ್ನು ಸ್ಲೇಟಿನ ಮೇಲೆ ಅವರಿಂದಲೇ ಬರೆಸಿ, ಮೂರು ಸಲ ನೀರು ಹಾಕಿ ಒರೆಸುತ್ತಾರೆ. ಅಲ್ಲಿರುವ ಎಲ್ಲರೂ, ಮದುಮಗನೂ ಸೇರಿ, ಇನ್ನು ಆ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಡಬೇಕು. ಎತ್ತಿದರೆ ಬಂದವಳನ್ನು ಹಿಂದಕ್ಕೆ ಕಳಿಸಿದ ಹಾಗೆ.

"ಅವಳು ನನಗೋಸ್ಕರ ಎಲ್ಲಾ ಬಿಟ್ಟು ಬಂದ್ಲು. ನಾನು ಕೊಟ್ಟಿದ್ದು ಈ ಒಂದು ಮಾತು. ಇಪ್ಪತ್ತಾರು ವರ್ಷ ಮುರಿದಿಲ್ಲ. ಪ್ರೀತಿ ಅಂದ್ರೆ ಇನ್ನೇನಮ್ಮ?"

ಗಾಜು ಟಕ್ಕೆಂದು ಎರಡಾಯಿತು. ಅವರು ಹೇಳಿದ್ದು ಸರಿ ಎನ್ನಿಸಿತು. ನಮ್ಮ ಬೀದಿಯಲ್ಲಿ ಮೆಚ್ಚಿ ಮದುವೆಯಾದವರೆಂದರೆ ನಮ್ಮ ಅಪ್ಪ ಅಮ್ಮ ಇಬ್ಬರೇ. ನನ್ನ ಹತ್ತಿರ ಹೆಮ್ಮೆಪಡುವಂಥದ್ದು ಬೇರೇನೂ ಇಲ್ಲ, ಅದೊಂದಿದೆ.

ಜೂನ್ 13, ಶುಕ್ರವಾರ

ಅಮ್ಮನ ಅಣ್ಣನಿಗೆ ಹಗ್ಗ, ಗೋಣಿಚೀಲದ ಅಂಗಡಿ. ನಮ್ಮ ಮನೆಯಿಂದ ಮೂರು ಬೀದಿ ಆಚೆ. ಅವರು ಈ ಕಡೆ ಬಂದಿಲ್ಲ, ನಾವು ಆ ಕಡೆ ಹೋಗಿಲ್ಲ. ಆ ಬೀದಿ ತುಳಿಯಬಾರದೆಂದು ಅಮ್ಮ ಮಾರುಕಟ್ಟೆಗೆ ಸುತ್ತಿಕೊಂಡು ಹೋಗುತ್ತಿದ್ದಳು.

ಕೆಲಸ ಮುಗಿಸಿಕೊಂಡು ಯಾರಿಗೂ ಹೇಳದೆ ಅಲ್ಲಿಗೆ ಹೋದೆ. ಮಾವ ಗಲ್ಲಾದ ಹಿಂದೆ ಕೂತಿದ್ದರು. ಮೂಗು ಅಮ್ಮನದೇ. ಏನು ಬೇಕಮ್ಮ ಎಂದರು. ಹೆಸರು ಕೇಳಲು ಹೋದವಳು, ಹಗ್ಗ ಎಂದೆ. ಎಷ್ಟು ಎಂದರು. ಎರಡು ಮಾರು ಎಂದೆ. ಸುರುಳಿ ಸುತ್ತಿ ಕೊಟ್ಟರು. ತೆಗೆದುಕೊಂಡು ಬಂದೆ.

ಜೂನ್ 16, ಸೋಮವಾರ

ಇವತ್ತೂ ಎರಡು ಮಾರು ಹಗ್ಗ.

ಜೂನ್ 18, ಬುಧವಾರ

ಮೂರನೇ ಸಲ. ಮೂಲೆಯಲ್ಲಿದ್ದ ಸುರುಳಿಗಳನ್ನು ನೋಡಿ ಅತ್ತೆ, ಯಾರನ್ನು ಕಟ್ಟಿಹಾಕಲು ತಂದಿದ್ದೀಯೆ, ಗಂಡನನ್ನಾದರೆ ಮೊದಲು ನಿನಗೊಬ್ಬ ಸಿಗಬೇಕಲ್ಲ ಎಂದಳು. ಅಮ್ಮ ಇವತ್ತು ಮೂರು ಚಮಚ ನೀರು ಕುಡಿದಿದ್ದಾಳೆ, ಅಷ್ಟೇ. ಕೆನ್ನೆಯ ಮೂಳೆ ಎದ್ದು ಕಾಣುತ್ತಿದೆ.

ಜೂನ್ 20, ಶುಕ್ರವಾರ

ಇವತ್ತು ಮಾವನೇ ಕೇಳಿದರು. "ಯಾರ ಮಗಳಮ್ಮ ನೀನು? ಇಷ್ಟು ಹಗ್ಗ ತಗೊಂಡು ಏನ್ಮಾಡ್ತೀಯ?"

"ಗಾಜಿನಂಗಡಿಯವರ ಮಗಳು."

ಅವರ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಒಳಗೆ ಕರೆದು ಗೋಣಿಚೀಲದ ಅಟ್ಟಿಯ ಮೇಲೆ ಕೂರಿಸಿದರು. ನನ್ನ ಮುಖ ನೋಡುತ್ತಲೇ ಇದ್ದರು. ನಾನು ಅಮ್ಮನ ತಂಗಿಯ ಪಡಿಯಚ್ಚಂತೆ. ನನಗೆ ಚಿಕ್ಕಮ್ಮನೊಬ್ಬಳು ಇದ್ದಳೆಂದೇ ಗೊತ್ತಿರಲಿಲ್ಲ. ಅಮ್ಮ ಮನೆ ಬಿಟ್ಟ ಮರುವರ್ಷ ಜ್ವರ ಬಂದು ತೀರಿಕೊಂಡಳಂತೆ. ಅಮ್ಮನಿಗೆ ಹೇಳಿ ಕಳಿಸಲಿಲ್ಲವೇ ಎಂದು ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವರಿಗೇ ಅರ್ಥವಾಯಿತೇನೋ.

"ಹೇಳಿ ಕಳಿಸ್ಬೇಡಿ ಅಂದ್ರು ನಮ್ಮ ಗುರುಗಳು. ಹೋದವಳು ತಾನಾಗೇ ಬರ್ಬೇಕು. ನಮ್ಮಲ್ಲಿ ಪ್ರೀತಿ ಅಂದ್ರೆ ಕಾಯೋದು. ದೇವರು ಮನುಷ್ಯನಿಗೋಸ್ಕರ ಕಾಯೋದೂ ಹಾಗೇ ಅಲ್ವಾ" ಎಂದರು. ಹೇಳುತ್ತ ಅತ್ತರು.

ಮೂರು ಬೀದಿ ಆಚೆ ಕೂತು ಕಾಯುತ್ತಿದ್ದರು.

ಹೆಸರು ಹೇಳಿದರು. ಎರಡೇ ಅಕ್ಷರ. ಇಲ್ಲಿ ಬರೆಯುವುದಿಲ್ಲ, ಈ ಪುಸ್ತಕ ಅತ್ತೆಯ ಕೈಗೆ ಸಿಕ್ಕರೆ ಕಷ್ಟ. ಹೇಳಿದ ಮೇಲೆ ಒಂದು ಮಾತು ಸೇರಿಸಿದರು. ಕೊನೆಗಾಲಕ್ಕೆ ಅವಳನ್ನು ನಮಗೆ ಕೊಡಬೇಕು, ನಾವು ಹೂಳುವವರು, ನಿಮ್ಮವರು ಅವಳನ್ನು ಸುಡಲು ಬಿಡಬಾರದು ಎಂದರು. ನಾನು ತಲೆಯಾಡಿಸಿದೆ. ಯಾರು ಏನು ಹೇಳಿದರೂ ತಲೆಯಾಡಿಸುವುದು ನನ್ನ ಅಭ್ಯಾಸ. ಇಲ್ಲ ಎನ್ನಬೇಕಾದರೆ ಮಾತಾಡಬೇಕಾಗುತ್ತದೆ.

ಜೂನ್ 21, ಶನಿವಾರ

ಅಮ್ಮ ಉಂಡಳು.

ಅಪ್ಪ ಅಂಗಡಿಗೆ, ಅತ್ತೆ ಮಾರುಕಟ್ಟೆಗೆ ಹೋಗುವವರೆಗೂ ಕಾದೆ. ಬಾಗಿಲು ಹಾಕಿಕೊಂಡು, ಮಂಚದ ಪಕ್ಕ ಕೂತು, ಆ ಎರಡು ಅಕ್ಷರ ಹೇಳಿದೆ. ಮೊದಲನೇ ಸಲ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಎರಡನೇ ಸಲಕ್ಕೆ ಗೋಡೆ ನೋಡುತ್ತಿದ್ದ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಆಳದ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ.

"ಎಲ್ಲಿ ಹೋಗಿದ್ಯೇ ಇಷ್ಟು ಹೊತ್ತು?"

ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ಎಂಟು ಚಮಚ ಗಂಜಿ ತಿಂದಳು. ಎಣಿಸಿದೆ. ಖುಷಿಯಲ್ಲಿ ಅಮ್ಮಾ ಎಂದು ಕರೆದುಬಿಟ್ಟೆ. ಅವಳು ಬಾಗಿಲ ಕಡೆ ನೋಡಿ, "ಅಮ್ಮ ಬಂದ್ಲಾ?" ಎಂದಳು. ಇಲ್ಲ ಎಂದೆ. ಹಾಗಾದರೆ ಇನ್ನೊಂದಿಷ್ಟು ಹೊತ್ತು ಮಲಗಬಹುದು ಎಂದು ನಕ್ಕಳು. ನನ್ನನ್ನು ತಂಗಿ ಎಂದುಕೊಂಡಿದ್ದಾಳೆ.

ಇರಲಿ. ಎಂಟು ಚಮಚ.

ಜೂನ್ 29, ಭಾನುವಾರ

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಸಲ, ಸಂಜೆ ಬಂದು ಒಂದು ಸಲ, ಬಾಗಿಲು ಹಾಕಿಕೊಂಡು ಉಣ್ಣಿಸುತ್ತೇನೆ. ಕೊಳವೆ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಅಪ್ಪ ತಮ್ಮ ಪ್ರಾರ್ಥನೆ ಫಲಿಸಿತೆಂದು ನಮ್ಮ ಧರ್ಮದ ಹಿರಿಯರನ್ನು ಮನೆಗೆ ಕರೆದಿದ್ದರು. ಆ ದಿನ ಸ್ಲೇಟಿನ ಮೇಲೆ ನೀರು ಹಾಕಿದವರು ಇವರೇ. ಅಮ್ಮನ ಮಂಚದ ಪಕ್ಕ ಕೂತು, ಪ್ರೀತಿ ಎಂದರೆ ಬಿಟ್ಟು ಬರುವುದು, ಬಂದವಳ ಸ್ಥಾನ ಹುಟ್ಟಿದವರಿಗಿಂತ ದೊಡ್ಡದು ಎಂದು ಬಹಳ ಚೆನ್ನಾಗಿ ಮಾತಾಡಿದರು. ಅಪ್ಪ ಕಣ್ಣೊರೆಸಿಕೊಂಡರು. ಅಮ್ಮ ಗೋಡೆ ನೋಡುತ್ತಿದ್ದಳು.

ಅವರು ಹೋದ ಮೇಲೆ ಅತ್ತೆ ಹಳೆಯದನ್ನೆಲ್ಲ ತೆಗೆದಳು. ಬಂದ ಹೊಸದರಲ್ಲಿ ಮೂರು ವರ್ಷ ಅಮ್ಮನ ತಟ್ಟೆ, ಲೋಟ ಬೇರೆ ಇಟ್ಟಿದ್ದರಂತೆ. ತಮಾಷೆ ಎಂಬಂತೆ ಹೇಳಿದಳು. ಅಪ್ಪನೂ ಸಣ್ಣಗೆ ನಕ್ಕರು. ಬಿಟ್ಟು ಬಂದದ್ದು ಅಮ್ಮ. ಅಪ್ಪ ಬಿಟ್ಟದ್ದು ಏನು ಎಂದು ಲೋಟ ತೊಳೆಯುವಾಗ ಯೋಚಿಸಿದೆ. ಒಂದು ಹೆಸರು ಕರೆಯುವುದನ್ನು ಬಿಟ್ಟರು. ಅದೂ ಅವಳದೇ.

ಜುಲೈ 6, ಭಾನುವಾರ

ಉಣ್ಣುವ ಮೊದಲು ಅವಳು ತವರಿನ ಪ್ರಾರ್ಥನೆ ಹೇಳುತ್ತಾಳೆ. ಎಡಗೈ ಒಂದನ್ನೇ ತೆರೆದು ಎದೆಯ ಮುಂದೆ ಹಿಡಿಯುತ್ತಾಳೆ. ನಾನೂ ಹೇಳದಿದ್ದರೆ ಬೈಯುತ್ತಾಳೆ. ಏಳು ಸಾಲು, ಈಗ ನನಗೂ ಬಾಯಿಪಾಠ. ಶಾಲೆಯಲ್ಲಿ ಒಂದು ಪದ್ಯವೂ ಪೂರ್ತಿ ಬರುತ್ತಿರಲಿಲ್ಲ. ನಾನು ತಂಗಿಯಾದ ಮೇಲೆ ಅವಳು ಅಕ್ಕ, ಈ ಅಕ್ಕನ ಹತ್ತಿರ ಕಲಿಯುವುದು ಸುಲಭ, ತಪ್ಪಿದರೆ ಕಿವಿ ಹಿಂಡುತ್ತಾಳೆ, ಆಮೇಲೆ ನಗುತ್ತಾಳೆ. ಅಮ್ಮ ಹೀಗೆ ನಕ್ಕದ್ದನ್ನು ನಾನು ನೋಡಿಲ್ಲ.

ನರ್ಸಕ್ಕನಿಗೆ ಎಲ್ಲ ಗೊತ್ತಾಗಿದೆ. ಅವಳ ಧರ್ಮದಲ್ಲಿ ಹೇಗೆ ಎಂದು ಕೇಳಿದೆ. ಅವಳೊಬ್ಬಳ ಹತ್ತಿರ ನನಗೆ ಮಾತು ಬರುತ್ತದೆ.

"ನಮ್ಮಲ್ಲಿ ಹಿಡ್ಕೊಳ್ದೆ ಇರೋದೇ ಪ್ರೀತಿ ಅಂತಾರಪ್ಪ. ನಂದು ಅನ್ಬಾರ್ದು. ಮಗನ ಮದುವೆ ಆದ್ಮೇಲೆ ನಾನೂ ಎರಡು ದಿನ ಹಾಗೇ ಇದ್ದೆ. ಮೂರನೇ ದಿನ ಸೊಸೆ ಸಾರಿಗೆ ಉಪ್ಪು ಕಮ್ಮಿ ಅಂದ್ಬಿಟ್ಟೆ."

ಇಬ್ಬರೂ ನಕ್ಕೆವು. ಆಮೇಲೆ ಅವಳು, ಮಗಳು ಎನ್ನಿಸಿಕೊಳ್ಳುವ ಆಸೆ ಇದ್ದರೆ ಬಿಟ್ಟುಬಿಡು, ಅಷ್ಟರಮಟ್ಟಿಗೆ ಹಗುರ ಎಂದಳು. ನಾನು ಆಗಲೇ ಬಿಟ್ಟಿದ್ದೇನೆ. ಅಂದುಕೊಂಡಷ್ಟು ಕಷ್ಟವೇನಿಲ್ಲ.

ಜುಲೈ 12, ಶನಿವಾರ

ಅತ್ತೆ ಬಾಗಿಲಿಗೆ ಕಿವಿ ಕೊಟ್ಟು ಕೇಳಿಸಿಕೊಂಡು, ಅಂಗಡಿಗೇ ಓಡಿ ಹೋಗಿ ಹೇಳಿದ್ದಾಳೆ. ನಾವಿಬ್ಬರೂ ಪ್ರಾರ್ಥನೆಯ ಐದನೇ ಸಾಲಿನಲ್ಲಿದ್ದೆವು. ಅಪ್ಪ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಗಾಜಿನ ಪುಡಿ ಹಾಗೇ ಇತ್ತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ.

"ಅವಳು ಮಾತಾಡ್ತಾಳಾ?" ಎಂದರು.

ತಲೆಯಾಡಿಸಿದೆ.

"ಎಷ್ಟು ದಿನದಿಂದ?"

ಮೂರು ವಾರ ಎಂದೆ. ಹೊರಗೆ ಅತ್ತೆ, ಹಿರಿಯರಿಗೆ ಹೇಳಿ ಕಳಿಸುತ್ತೇನೆ ಎಂದು ಕೂಗುತ್ತಿದ್ದಳು. ಅಪ್ಪ ಬಾಗಿಲು ಮುಚ್ಚಿದರು. ಕೈ ತೊಳೆದುಕೊಂಡು ಬಂದು, ಮಂಚದ ಹತ್ತಿರ ಮೊಣಕಾಲೂರಿ ಕೂತು, ಆ ಹೆಸರು ಹೇಳಿದರು.

ನಾನು ಹೇಳುವ ಹಾಗಲ್ಲ. ಅವರ ಬಾಯಿಯಲ್ಲಿ ಅದು ಬೇರೆಯೇ ಹೆಸರಿನ ಹಾಗೆ ಕೇಳಿಸಿತು, ದಿನಾ ಒಳಗೊಳಗೇ ಹೇಳಿಕೊಳ್ಳುತ್ತಿದ್ದವರ ಹಾಗೆ.

ಅವಳು ತಿರುಗಿದಳು. ಅವರ ಬಿಳಿ ತಲೆಯನ್ನು, ಮುಖವನ್ನು ನೋಡಿದಳು. ಆಡುವ ಒಂದೇ ಕೈಯಿಂದ ಹಾಸನ್ನು ಎಳೆದು ಮುಖ ಮುಚ್ಚಿಕೊಂಡಳು.

"ಯಾರೇ ಇವ್ರು? ಪರರನ್ನ ಒಳಗ್ಯಾಕೆ ಬಿಟ್ಟೆ? ಅಣ್ಣನ್ನ ಕರಿ."

ಅಪ್ಪ ಇನ್ನೊಂದು ಸಲ ಕರೆದರು. ಅವಳು ಹಾಸಿನೊಳಗೆ ನಡುಗಲು ಶುರುಮಾಡಿದಳು. ಎದ್ದು ಹೊರಗೆ ಹೋಗಿ ಎಂದು ಅಪ್ಪನಿಗೆ ನಾನೇ ಹೇಳಿದೆ. ಹೋದರು.

ಜುಲೈ 15, ಮಂಗಳವಾರ

ಅಪ್ಪ ಹಗ್ಗದಂಗಡಿಗೆ ಹೋಗಿ ಮಾವನನ್ನು ಕರೆತಂದರು. ಅಣ್ಣನನ್ನು ಕೇಳುತ್ತಿದ್ದಾಳೆ, ಬಾ ಎಂದರಂತೆ. ಮಾವ ಹೊಸ ಅಂಗಿ ಹಾಕಿಕೊಂಡು, ಪ್ರಾರ್ಥನೆಯ ಪುಸ್ತಕ ಹಿಡಿದು, ನಮ್ಮ ಹೊಸ್ತಿಲನ್ನು ಮೊದಲ ಸಲ ದಾಟಿದರು. ಅಪ್ಪನ ಮುಖವನ್ನೂ ನೋಡಲಿಲ್ಲ. ಗೆದ್ದವರ ಹಾಗೆ ಒಳಗೆ ಹೋಗಿ ಅವಳನ್ನು ಕರೆದರು.

ಅವಳು ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ. ಮರ್ಯಾದೆಯಿಂದ, "ಅಜ್ಜಾ, ಕೂತ್ಕೊಳ್ಳಿ. ಅಣ್ಣ ಅಂಗಡೀಲಿದ್ದಾನೆ, ಬರ್ತಾನೆ" ಎಂದಳು.

"ನಾನೇ ಕಣೇ ನಿನ್ನಣ್ಣ" ಎಂದರು ಮಾವ.

ಅವಳು ನನ್ನ ಕಡೆ ನೋಡಿ, ಪಾಪ, ಈ ಅಜ್ಜನಿಗೆ ಅರಳುಮರಳು ಎನ್ನುವಂತೆ ಕಣ್ಣು ಸಣ್ಣದು ಮಾಡಿದಳು. ನನಗೆ ನಗು ಬಂತು. ಬರಬಾರದಿತ್ತು.

ಕಾಯುವವರಿಗೂ ವಯಸ್ಸಾಗುತ್ತದೆ ಎಂದು ಅವರ ಗುರುಗಳು ಹೇಳಿರಲಿಲ್ಲವೇನೋ.

ಹೊರಗೆ ಬಂದು ಇಬ್ಬರೂ ಬೆಂಚಿನ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಜಗಳ ಶುರುವಾಯಿತು. ಸುಡುವುದೋ, ಹೂಳುವುದೋ. ನಿಮ್ಮ ಮಗಳೇ ಒಪ್ಪಿಕೊಂಡಿದ್ದಾಳೆ ಎಂದರು ಮಾವ. ಅಪ್ಪ ನನ್ನ ಕಡೆ ನೋಡಿದರು. ನಾನು ಒಂದು ಮಾತೂ ಆಡಿರಲಿಲ್ಲ, ತಲೆಯಾಡಿಸಿದ್ದೆ, ಅಷ್ಟೇ.

ಜುಲೈ 24, ಗುರುವಾರ

ಹಿರಿಯರು ಬಂದಿದ್ದರು, ಮಾವನ ಗುರುಗಳೂ ಬಂದಿದ್ದರು. ಪಕ್ಕದ ಮನೆಯಿಂದ ಕುರ್ಚಿ ತರಬೇಕಾಯಿತು. ಬದುಕಿರುವವಳು ಯಾರಿಗೂ ಸಿಗಲಿಲ್ಲ, ಅದಕ್ಕೆ ಸತ್ತ ಮೇಲಿನವಳಿಗೆ ಕಾದಾಡುತ್ತಿದ್ದಾರೆ. ಎರಡೂ ಕಡೆಯವರ ಬಾಯಲ್ಲೂ ಮಾತಿಗೊಮ್ಮೆ ಪ್ರೀತಿ. ಕೊನೆಗೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಪ್ರಾಣ ಹೋಗುವಾಗ ಅವಳು ಯಾರ ದೇವರನ್ನು ಕರೆಯುತ್ತಾಳೋ ಅವರಿಗೆ ಸೇರಿದವಳು, ಹತ್ತಿರ ಇರುವವಳು ನೀನೇ, ನೀನೇ ಸಾಕ್ಷಿ ಎಂದರು.

"ಅವಳಿನ್ನೂ ಸತ್ತಿಲ್ಲ" ಎಂದೆ. "ಊಟದ ಹೊತ್ತಾಯ್ತು, ಎಲ್ಲರೂ ಏಳಿ."

ಎದ್ದರು. ಇಷ್ಟು ಜನರ ಎದುರು ನಾನು ಮಾತಾಡಿದ್ದು ಇದೇ ಮೊದಲು. ಅಕ್ಕ ಇವತ್ತು ಅರ್ಧ ಬಟ್ಟಲು ತಿಂದಳು.

ಆಗಸ್ಟ್ 2, ಶನಿವಾರ

ಸಂಜೆ ಅಕ್ಕ ಬಾಯಿ ತೆರೆಯಲಿಲ್ಲ. ಹೆಸರು ಹಿಡಿದು ಕರೆದೆ. ಕೇಳಿಸಿಕೊಂಡಳು, ನಕ್ಕಳು, ಆದರೂ ತೆರೆಯಲಿಲ್ಲ. ಹತ್ತಿರ ಬಾ ಎಂದು ಎಡಗೈಯಲ್ಲಿ ಸನ್ನೆ ಮಾಡಿದಳು. ಬಾಗಿಲು ಅರ್ಧ ತೆರೆದಿತ್ತು, ಅದರ ಮರೆಯಲ್ಲಿ ಅಪ್ಪ ನಿಂತಿದ್ದರು. ಈಗ ದಿನಾ ಅಲ್ಲೇ ನಿಂತು ಊಟ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಾರೆ. ಒಳಗೆ ಬಂದರೆ ಅವಳು ಹೆದರುತ್ತಾಳೆ.

"ಅಣ್ಣನಿಗೆ ಹೇಳಲ್ಲ ಅಂತ ಆಣೆ ಮಾಡು."

ಮಾಡಿದೆ.

ಅವರ ಪ್ರಾರ್ಥನೆಯ ಮನೆಯ ಕಿಟಕಿಗಳಿಗೆ ಗಾಜು ಹಾಕಲು ಒಬ್ಬ ಬರುತ್ತಾನಂತೆ. ಬೇರೆ ಧರ್ಮದವನು. ಕೈತುಂಬ ಗಾಯದ ಗೆರೆ. ಕೆಲಸ ಮುಗಿದು ವಾರವಾದರೂ, ಗಾಜಿನಲ್ಲಿ ಗುಳ್ಳೆ ಇದೆ ಎಂದು ತಾನೇ ಹೇಳಿ, ತಾನೇ ಹಾಕಿದ ಗಾಜು ತೆಗೆದು ಮತ್ತೆ ಹಾಕುತ್ತಾನಂತೆ, ಇವಳು ನೀರು ಕೊಡಲು ಬರಲಿ ಎಂದು. ಗುಳ್ಳೆ ಇಲ್ಲವೆಂದು ಇವಳಿಗೂ ಗೊತ್ತಂತೆ. ನಿನ್ನೆ ಬಾಯಿಬಿಟ್ಟು ಕೇಳಿಯೇಬಿಟ್ಟನಂತೆ. ಹೇಳುವಾಗ ಅವಳ ಸೊಟ್ಟ ಬಾಯಿ ನೇರವಾಗಿದೆ ಎನ್ನಿಸಿತು. ಅಪ್ಪನ ಬೆರಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದು ಕಂಡಿತು.

"ಬಾ ಅಂತಾನೆ ಕಣೇ. ಹೋಗ್ಲಾ?"

ಮೊದಲು ಊಟ ಮಾಡು ಎಂದೆ. ನೀನು ಹೇಳಿದ ಮೇಲೇ ಊಟ ಎಂದಳು. ಚಮಚ ಹಿಡಿದುಕೊಂಡೇ ಇದ್ದೆ. ಗಂಜಿಯ ಮೇಲೆ ಕೆನೆ ಕಟ್ಟತೊಡಗಿತು.

"ನೀನು ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇಲ್ಲ. ಹೇಳೇ."

"ಬೇಡ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಒಳ್ಳೆಯವನು ಕಣೇ ಅವನು."

"ಒಳ್ಳೆಯವನೇ. ಆದ್ರೂ ಬೇಡ. ನಿನ್ನ ಹೆಸರೂ ನಿನಗೆ ಬಿಡಲ್ಲ ಅವರು. ಅವನು ನೋಡ್ತಾ ನಿಂತಿರ್ತಾನೆ."

ಗೋಡೆಯ ಕಡೆ ತಿರುಗಿದಳು. ಮತ್ತೆ ಮೊದಲಿನ ಹಾಗೆ ಆದಳೇನೋ ಎಂದು ಹೆದರಿದೆ. ಎಷ್ಟೋ ಹೊತ್ತಿನ ಮೇಲೆ, "ಸರಿ ಬಿಡು. ನೀನು ಹೇಳಿದ್ಮೇಲೆ ಮುಗೀತು" ಎಂದಳು. ದೊಡ್ಡ ಭಾರ ಇಳಿಸಿದವಳಂತೆ ಉಸಿರು ಬಿಟ್ಟು ಬಾಯಿ ತೆರೆದಳು. ಬಟ್ಟಲು ಪೂರ್ತಿ ಖಾಲಿಯಾಯಿತು, ಇಷ್ಟು ದಿನದಲ್ಲಿ ಇದೇ ಮೊದಲ ಸಲ.

ಖಾಲಿ ಬಟ್ಟಲು ತಂದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ತೊಳೆದು ಬೋರಲು ಹಾಕಿದರು.

ಆಗಸ್ಟ್ 3, ಭಾನುವಾರ

ಅಕ್ಕ ಬೆಳಿಗ್ಗೆಯೂ ಚೆನ್ನಾಗಿ ಉಂಡಳು. ಗಾಜಿನವನು ಬಂದಿದ್ದನೇ ಎಂದು ಕೇಳಿದಳು. ಬಂದಿದ್ದ, ಇಲ್ಲ ಎಂದು ಹೇಳಿ ಕಳಿಸಿದೆ ಎಂದೆ.